ಬೀಗದೊಳಗಿನ ಕೋಟು

"ಬೀಗ ಜಡಿಯೋಕೆ ಇದೇನು ನಿಮ್ಮಪ್ಪನ ಮನೆ ಆಸ್ತೀನಾ?" ವಕೀಲರು ಗುಡುಗಿದರು.

"ನಮ್ಮಪ್ಪಂದೇ ಸಾರ್," ಎಂದ ಕಟ್ಟಡದ ಮಾಲೀಕ.

ವಕೀಲರು ತಡವರಿಸಿದರು. "ಇರಲಿ. ಆದರೂ ಬಾಡಿಗೆಗೆ ಇರೋರನ್ನ ಕೋರ್ಟ್ ಆದೇಶ ಇಲ್ಲದೆ ಹೊರಗೆ ಹಾಕೋ ಹಾಗಿಲ್ಲ."

ಇಸ್ತ್ರಿ ಅಂಗಡಿಯ ಅಕ್ಕ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಡಿಗೆಯನ್ನು ಎಂದೂ ತಪ್ಪಿಸಿದವಳಲ್ಲ ಪಾಪ. ಆದರೆ ಮಾಲೀಕನಿಗೆ ಅಳಿಯನ ಮೊಬೈಲ್ ಅಂಗಡಿಗೆ ಜಾಗ ಬೇಕು. ಬೆಳಿಗ್ಗೆ ಬಂದು ನೋಡಿದರೆ ಅವಳ ಬೀಗದ ಜಾಗದಲ್ಲಿ ಅವನ ಬೀಗ. ಇಸ್ತ್ರಿಪೆಟ್ಟಿಗೆ ಒಳಗೆ, ಇಡೀ ಬೀದಿಯ ಬಟ್ಟೆಯೂ ಒಳಗೆ. ಗಿರಾಕಿಗಳು ಬೇರೆ ಅಂಗಡಿ ಹಿಡಿದರೆ ಅವಳ ಅನ್ನಕ್ಕೇ ಕಲ್ಲು.

"ಫೀಸಿಲ್ಲ, ಕರೆದೂ ಇಲ್ಲ, ತಾವಾಗೇ ಬಂದಿದ್ದಾರೆ ನೋಡ್ರಪ್ಪಾ! ಈ ಕಾಲದಲ್ಲೂ ಇಂಥೋರು ಇದ್ದಾರಲ್ಲ!" ಎಂದು ಅವಳು ನೆರೆದವರಿಗೆಲ್ಲ ಕೇಳುವಂತೆ ಹೇಳಿದಳು.

ವಕೀಲರ ಮುಖ ಕೆಂಪಾಯಿತು. ನಿಜ ಹೇಳಬೇಕೆಂದರೆ, ಒಳಗಿನ ಬಟ್ಟೆಗಳಲ್ಲಿ ಅವರ ಕರಿ ಕೋಟೂ ಇತ್ತು. ಅವರಿಗೆ ಇದ್ದದ್ದೂ ಅದೊಂದೇ. ಅದಿಲ್ಲದೆ ನಾಳೆ ಕೋರ್ಟಿನಲ್ಲಿ ಬಾಯಿ ಬಿಡುವಂತಿಲ್ಲ. ಸ್ವಾಮಿಕಾರ್ಯದ ಜೊತೆ ಸ್ವಕಾರ್ಯ ಅನ್ನುತ್ತಾರಲ್ಲ, ಇಲ್ಲಿ ಸ್ವಾಮಿಯ ಸುಳಿವೇ ಇರಲಿಲ್ಲ. ಕೋಟು ತಂದುಕೊಡುತ್ತಿದ್ದವಳು ಹೆಂಡತಿ, ಹಾಗಾಗಿ ಅಕ್ಕನಿಗೆ ಅದು ಯಾರದೆಂದು ಗೊತ್ತಿರಲಾರದು ಎಂಬುದೊಂದೇ ಸಮಾಧಾನ.

ಮಾಲೀಕ ಮಹಾ ಚಾಲಾಕಿ. ತನ್ನ ಬೀಗ ತೆಗೆದು ಬಾಗಿಲನ್ನು ಗೇಣಗಲ ಸರಿಸಿ ಪಿಸುಗುಟ್ಟಿದ: "ಮೊಳೆಗೆ ನೇತಾಡ್ತಿರೋ ಕೋಟು ನಿಮ್ದೇ ತಾನೇ? ತಗೊಂಡು ಹೋಗಿ ಸಾರ್. ಇಲ್ಲದ ಉಸಾಬರಿ ನಿಮಗ್ಯಾಕೆ?"

ವಕೀಲರ ಕೈ ತಾನಾಗಿಯೇ ಮುಂದೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ಧ್ವನಿ: "ಅವರದೊಂದು ಕರ್ಚೀಫೂ ಒಳಗಿಲ್ಲ, ಆದರೂ ನನಗೋಸ್ಕರ ನಿಂತಿದ್ದಾರೆ!"

ಕೈ ಅಲ್ಲೇ ನಿಂತಿತು.

"ಯಾರ ಕೋಟು? ನನ್ನದಲ್ಲ!" ಎಂದುಬಿಟ್ಟರು. ಅಂದಮೇಲೆ ಮೊಳೆಯ ಕಡೆ ಒಮ್ಮೆ ಆಸೆಯಿಂದ ನೋಡಿದರು. ಆದರೆ ಆಡಿದ ಮಾತು, ಒಡೆದ ಮುತ್ತು.

ಮರುದಿನ ಆನೆಯಂಥ ಗೆಳೆಯನೊಬ್ಬನ ಕೋಟು ಎರವಲು ತಂದು ತಮ್ಮ ಕೆಲಸದ ಜೊತೆ ಅಕ್ಕನ ಅರ್ಜಿಯನ್ನೂ ಹಾಕಿದರು. "ವಕೀಲರೇ, ನಿಮ್ಮ ಕೈಗಳೆಲ್ಲಿ?" ಎಂದರು ನ್ಯಾಯಾಧೀಶರು. "ಒಳಗಿವೆ ಸ್ವಾಮಿ." ಕೋರ್ಟಿಗೆ ಕೋರ್ಟೇ ನಕ್ಕಿತು. ಆ ಅವಮಾನದ ಸಿಟ್ಟನ್ನೆಲ್ಲ ಮಾಲೀಕನ ಮೇಲೆ ಸುರಿದು ಅವರು ಜನ್ಮದಲ್ಲಿ ವಾದಿಸದ ಹಾಗೆ ವಾದಿಸಿದರು. ಬೀಗ ತೆಗೆಯಲು ಆದೇಶವಾಯಿತು; ಸಂಜೆಗೆ ಮಾಲೀಕನೇ ಇಂಗು ತಿಂದ ಮಂಗನಂತೆ ಬಂದು ಬೀಗ ತೆಗೆದ.

ಭಾನುವಾರ ವಕೀಲರು ಕಳ್ಳಹೆಜ್ಜೆಯಲ್ಲಿ ಅಂಗಡಿಗೆ ಬಂದರು. "ಅದು... ನಮ್ಮ ಮನೆಯವರು ಏನೋ ಕೊಟ್ಟಿದ್ದರಂತೆ..."

"ನಿಮ್ಮ ಕೋಟು ತಾನೇ?" ಅಕ್ಕ ಮೊಳೆಯಿಂದ ಅದನ್ನು ತೆಗೆದಳು. "ಎಡಜೇಬಲ್ಲಿ ಯಾವಾಗ್ಲೂ ಪೆಪ್ಪರಮಿಂಟು ಇರುತ್ತೆ."

ವಕೀಲರು ಮೆಲ್ಲಗೆ ಕೇಳಿದರು: "ಹಾಗಾದ್ರೆ ಅವತ್ತು..."

"ಗೊತ್ತಿಲ್ಲದೇ ಏನು ಸಾರ್?" ಎಂದಳು, ನಗಲೂ ಇಲ್ಲ ಮಹಾರಾಯಿತಿ. ಕೋಟನ್ನು ಮಾತ್ರ ಕೈಗೆ ಕೊಡಲಿಲ್ಲ. "ಇನ್ನೂ ಬಿಸಿ ಇದೆ. ಆರೋ ತನಕ ಕೂತ್ಕೊಳ್ಳಿ. ಈ ಅಜ್ಜಿ ನಿಮ್ಮ ಹತ್ರ ಏನೋ ಹೇಳ್ಕೋಬೇಕಂತೆ."

ಬೆಂಚಿನ ಮೇಲೆ ಅಜ್ಜಿಯೊಬ್ಬಳು ಕೂತಿದ್ದಳು. ಅವಳ ಪಕ್ಕ ಇನ್ನಿಬ್ಬರು.

ವಕೀಲರು ಕೋಟಿನ ತೋಳನ್ನು ಮುಟ್ಟಿ ನೋಡಿದರು. ತಣ್ಣಗಿತ್ತು. ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿ ಮೂಲೆಯಲ್ಲಿಟ್ಟಿತ್ತು.

"ಹೌದು, ಬಿಸಿ ಇದೆ," ಎಂದು ಅವರು ಸ್ಟೂಲು ಎಳೆದುಕೊಂಡು ಕೂತರು. "ಹೇಳಿ ಅಜ್ಜಿ."