ನಾಲ್ಕನೇ ಲೈನು

ಶಕುಂತಲಾಬಾಯಿ ಆ ಸಣ್ಣ ಪೈಪನ್ನು ಸೆರಗಿನಿಂದ ಒರೆಸಿ ಮೈದುನನ ಕೈಗಿಟ್ಟಳು. ಅದೂ ಎಲ್ಲಿ, ಗೋಡೆಗೊರಗಿಸಿ ಕೂರಿಸಿದ್ದ ಗಂಡನ ಹೆಣದ ಎದುರಿಗೇ.

"ತಗೋ ವೀರಭದ್ರ. ಇದನ್ನ ತೋರ್ಸಿ ಇಂಥಾದೇ ಒಂದು ತಗೊಂಡು ಬಾ. ನಿಮ್ಮಣ್ಣ ತನ್ನ ಗಾಡಿನ್ಯಾಗೇ ಊರಿಗಿ ಹೋಗ್ತಾನ."

ಪೆನ್ಸಿಲಿನಷ್ಟು ದಪ್ಪ, ಮೊಳದುದ್ದ, ಮೂರು ಕಡೆ ಬಾಗಿದ ಉಕ್ಕಿನ ಪೈಪು. ಲಾರಿಯ ಪಂಪಿನಿಂದ ನಾಲ್ಕನೇ ಸಿಲಿಂಡರಿಗೆ ಡೀಸೆಲ್ ಒಯ್ಯುವ ಲೈನು. ಪೋಚಪ್ಪ ಮಿಸ್ತ್ರಿ ಅದರ ತುದಿಗೆ ಹಾಕಿದ್ದ ಹಿತ್ತಾಳೆ ಬೆಸುಗೆ ಇನ್ನೂ ಹಳದಿಯಾಗಿ ಹೊಳೆಯುತ್ತಿತ್ತು. ಅಷ್ಟು ಹಗುರದ ಸಾಮಾನನ್ನು ಹಿಡಿದು ನಿಲ್ಲಲು ವೀರಭದ್ರನಿಗೆ ಎರಡು ಕೈ ಬೇಕಾದವು.

ಅಣ್ಣ ಬಂಡೆಪ್ಪನ ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಬಲಗೈ ಮೊಣಕೈವರೆಗೆ ಮಾತ್ರ ಇತ್ತು, ಅದರ ಮೇಲೆ ಶಾಲು ಹೊದಿಸಿದ್ದರು. ಲಿಂಗ ಹಿಡಿಯಲು ಎಡಗೈ ಉಳಿದಿದೆಯಲ್ಲ ಎಂದು ಅಯ್ಯನವರು ಬೆಳಗ್ಗೆ ಮನೆಯವರಿಗೆ ಸಮಾಧಾನ ಹೇಳಿದ್ದರು. ಸಮಾಧಾನವಂತೆ!

"ಅವ್ವಾ, ಹಟ ಮಾಡಬ್ಯಾಡ," ಎಂದಳು ಮಗಳು ಮಹಾನಂದಾ. ನಾರಾಯಣಖೇಡದ ಗಂಡನ ಮನೆಯಿಂದ ರಾತ್ರಿಯೇ ಬಂದು ಅತ್ತೂ ಅತ್ತೂ ಅವಳ ದನಿ ಕೂತಿತ್ತು. "ಸಂಜಿ ಒಳಗ ಮಣ್ಣು ಆಗಬೇಕು. ಬ್ಯಾರೆ ಗಾಡಿ ಮಾಡ್ಕೊಂಡು ಹೋಗಮು. ಆ ಲೈನ್ ಎಲ್ಲಿ ಸಿಗ್ತದ? ಹೋದ ತಿಂಗಳ ಕಾಕಾ ತಾಂಡೂರದಾಗ ಅಂಗಡಿ ಅಂಗಡಿ ತಿರುಗ್ಯಾನ, ಸಿಕ್ಕಿಲ್ಲ."

"ದವಾಖಾನಿಯಾಗ ನಿನ್ನ ಮುಂದೇ ಹೇಳ್ಯಾನಲ್ಲ ನಿಮ್ಮಪ್ಪ. ಲೈನ್ ಸಿಕ್ಕರ ಗಾಡಿ ಚಾಲೂ ಮಾಡ್ರಿ, ನನ್ನ ಅದರಾಗೇ ಒಯ್ಯಿರಿ ಅಂತ. ಇಪ್ಪತ್ತಾರು ವರ್ಷ ಮಂದಿ ಕಬ್ಬು, ಮಂದಿ ತೊಗರಿ, ಮಂದಿ ಕುರಿ ಹೊತ್ತದ ಅದು. ಒಂದಿನ ಅವನ್ನ ಹೊರಲಿ." ಅವಳು ಮೈದುನನ ಕಡೆ ತಿರುಗಿದಳು. "ಇನ್ನೊಂದ್ ಸಲ ಹೋಗಿ ಬಾರಪ್ಪ. ಆ ಸಲ ಸಿಕ್ಕಿಲ್ಲಂದ್ರ ಈ ಸಲ ಸಿಗ್ತದ."

ಇನ್ನೊಂದು ಸಲ. ವೀರಭದ್ರ ಒಂದು ಸಲವೂ ಹೋಗಿರಲಿಲ್ಲ. ಅದು ಗೊತ್ತಿದ್ದವನು ಆ ಮನೆಯಲ್ಲಿ ಅವನೊಬ್ಬನೇ.

ಅಂಗಳದಲ್ಲಿ, ಬೇವಿನ ಮರದ ಕೆಳಗೆ ನಿಂತಿದ್ದ ಲಾರಿಯ ಬಾನೆಟ್ ಎತ್ತಿ ಪೋಚಪ್ಪ ಕಾಯುತ್ತಿದ್ದ. "ಲೈನ್ ತಂದ್ರ ಎರಡು ಪಾನಾ ಹಾಕಿ ನಟ್ಟು ಬಿಗಿಯೋದು, ಹದಿನೈದು ಮಿನಿಟಿನ ಕೆಲಸ ರೀ," ಎಂದ. ವೀರಭದ್ರ ಮೋಟಾರ್ ಸೈಕಲಿನ ಕಿಕ್ ಒದ್ದ.

*

ಒಂದು ತಿಂಗಳ ಹಿಂದೆ ಇದೇ ಮರದ ಕೆಳಗೆ ಬಂಡೆಪ್ಪ ತಮ್ಮನಿಗೆ ಬಿಚ್ಚಿದ ಲೈನು ತೋರಿಸುತ್ತಿದ್ದ. ನಟ್ಟಿನ ಹತ್ತಿರ ಕೂದಲೆಳೆಯಷ್ಟು ಸೀಳಿತ್ತು.

"ಆರೂ ಲೈನಿನ ಉದ್ದ ಒಂದೇ ನೋಡು. ಎಣ್ಣಿ ಆರು ಕಡಿಗೂ ಒಂದೇ ಹೊತ್ತಿಗಿ ಮುಟ್ಟಬೇಕಲ್ಲ. ಅದಕ್ಕ ದೂರಿಂದು ನೆಟ್ಟಗ ಹೋಗ್ತದ, ಹತ್ತಿರಂದು ಜಾಸ್ತಿ ಬಾಗ್ತದ. ನಾಕನೇದ್ದರ ಬಾಗು ಬ್ಯಾರೆ, ಮೂರನೇದ್ದು ಬ್ಯಾರೆ. ಮತ್ತೊಂದು ತಂದಿ ಅಂದ್ರ ಕೂಡಂಗಿಲ್ಲ."

ಬೆಸುಗೆ ಒಂದು ವಾರ ತಡೆದರೆ ಹೆಚ್ಚು ಎಂದು ಪೋಚಪ್ಪ ಹೇಳಿದ್ದ. ಕಾರ್ಖಾನೆಗೆ ಕಬ್ಬು ಹೊರುವ ದಿನಗಳು, ಬಂಡೆಪ್ಪನಿಗೆ ಬಿಡುವಿರಲಿಲ್ಲ. ಹಳೇ ಗಾಡಿಗಳ ಸಾಮಾನು ಸಿಕ್ಕರೆ ತಾಂಡೂರಿನಲ್ಲೇ ಸಿಗಬೇಕು, ಕಲ್ಲು ಹೊರುವ ಮುದಿ ಲಾರಿಗಳೆಲ್ಲ ಅಲ್ಲೇ ಇರುವುದು. ತಮ್ಮ ಹೋಗಿ ಬರುವುದೆಂದಾಯಿತು. ಲೈನು ಬಿಚ್ಚಿಕೊಟ್ಟರೆ ಗಾಡಿ ನಿಲ್ಲುತ್ತದೆ ಎಂದು ಬಂಡೆಪ್ಪ ತಂತಿಯೊಂದನ್ನು ಅದೇ ಅಳತೆಗೆ ಬಗ್ಗಿಸಿ ಕೊಟ್ಟ.

ವೀರಭದ್ರನಿಗೆ ಜಹೀರಾಬಾದಿನಲ್ಲಿ ಬೀಜ–ಗೊಬ್ಬರದ ಅಂಗಡಿ. ಅಣ್ಣನ ಲಾರಿ ಮನೆಯ ಮುಂದೆ ಹೊಗೆ ಕಾರುತ್ತ ನಿಲ್ಲುವುದು ಅವನಿಗೆ ಸೇರುತ್ತಿರಲಿಲ್ಲ. ಗುಜರಿಗೆ ಹಾಕಿ ನನ್ನ ಅಂಗಡಿಯಲ್ಲಿ ನೆರಳಿಗೆ ಕೂತುಕೋ ಎಂದು ಎಷ್ಟು ಸಲ ಹೇಳಿದ್ದನೋ. ಆ ದಿನ ತಾಂಡೂರಿನ ಹಾದಿಯಲ್ಲಿ ಕೊಹೀರ್ ದಾಟುವಾಗ ಗೆಳೆಯನೊಬ್ಬ ಕೈಮಾಡಿ ಪೇರಲ ತೋಟಕ್ಕೆ ಕರೆದ. ಚಳಿಯ ಬೆಳಗು, ಎಳೆ ಬಿಸಿಲು, ಉಪ್ಪು ಖಾರ ಹಚ್ಚಿದ ಹಣ್ಣು. ತಿಂದು ಗಿಡದ ಬುಡದಲ್ಲಿ ಮೈಚಾಚಿದವನಿಗೆ, ಲೈನು ಸಿಗದಿದ್ದರೆ ಗಾಡಿ ತಾನಾಗಿಯೇ ಮೂಲೆ ಸೇರುತ್ತದೆ ಎಂಬ ಜಾಣತನ ಹೊಳೆಯಿತು. ಅಣ್ಣನ ಒಳ್ಳೆಯದಕ್ಕೇ ಎಂದು ಮನಸ್ಸಿಗೆ ಹೇಳಿಕೊಂಡು ಎರಡು ತಾಸು ನಿದ್ದೆ ಹೊಡೆದ. ಸೋಮಾರಿತನಕ್ಕೆ ಅಷ್ಟು ಚೆಂದದ ಹೆಸರು ಸಿಕ್ಕರೆ ಯಾರಿಗೆ ನಿದ್ದೆ ಬಾರದು!

ಸಂಜೆ ಒಂದು ಚೀಲ ಪೇರಲಹಣ್ಣು ಹಿಡಿದು ಬಂದ. "ಎಲ್ಲಾ ಅಂಗಡಿ ನೋಡ್ದೆ ಅಣ್ಣಾ. ಆ ಮಾಡಲ್ ಸಾಮಾನೇ ಈಗ ಬರಲ್ಲಂತ. ಗಾಡಿ ಮಾರಿ ಬಿಡು."

"ಗೌಸ್ ಭಾಯಿ ಅಂಗಡ್ಯಾಗ ಭೀ ಇಲ್ಲಂತಾ?"

"ಇಲ್ಲಂತ."

ಬಂಡೆಪ್ಪ ಮತ್ತೆ ಯಾರನ್ನೂ ಕೇಳಲಿಲ್ಲ. ತಮ್ಮ ಹೋಗಿ ನೋಡಿ ಬಂದ ಮೇಲೆ ಮುಗಿಯಿತು. "ದಣದು ಬಂದಿ, ಉಣ್ಣು," ಎಂದು ಹೆಂಡತಿಗೆ ತಟ್ಟೆ ಹಾಕಲು ಹೇಳಿ, ತಾನೊಂದು ಹಣ್ಣು ಕಚ್ಚಿ, ಬಾಳ ಸವಿ ಅದಾವ ಎಂದ.

*

ತಾಂಡೂರಿನ ರಸ್ತೆಯ ಮೇಲೆ ಕಲ್ಲಿನ ಪುಡಿ ಬಿಳಿಯಾಗಿ ಹಾರುತ್ತಿತ್ತು. ಗೌಸ್ ಭಾಯಿಯ ಅಂಗಡಿ ಎಲ್ಲಿ ಎಂದು ಕೇಳುವುದೇ ಬೇಕಾಗಲಿಲ್ಲ, ನಿಲ್ದಾಣ ದಾಟಿದರೆ ಮೊದಲ ಅಂಗಡಿಯೇ ಅದು. ಬಿಳಿ ಗಡ್ಡದ ಮುದುಕ ವೀರಭದ್ರ ಕೊಟ್ಟ ಪೈಪನ್ನು ತಿರುಗಿಸಿ ನೋಡಿದ.

"ಯಾರ ಗಾಡಿ?"

"ಬಂಡೆಪ್ಪಂದು ರೀ. ಜಹೀರಾಬಾದ್."

"ಅರೆ, ನೀ ಅವರ ತಮ್ಮ ಏನಪಾ? ಈಗ ಬಂದಿ?" ಮುದುಕ ಎದ್ದು ಗೋಡೆಯ ಮೊಳೆಯಿಂದ ಒಂದು ಪೈಪು ಇಳಿಸಿದ. ಎಣ್ಣೆ ಸವರಿದ, ಕಪ್ಪಗೆ ಮಿರುಗುವ ಪೈಪು. ಅದಕ್ಕೆ ತಂತಿಯಿಂದ ಒಂದು ರಟ್ಟಿನ ಚೀಟಿ ಕಟ್ಟಿತ್ತು. "ನಿಮ್ಮಣ್ಣ ಕಲ್ಲಿನ ಗಾಡಿ ಡ್ರೈವರನ ಕೈಲೆ ಹೇಳಿ ಕಳ್ಸಿದ್ರು. ನಾಲ್ಕನೇ ಲೈನ್ ತೆಗೆದಿಡ್ರಿ, ನಾಳೆ ತಮ್ಮ ಬರ್ತಾನ ಅಂತ. ಅವತ್ತ ಇಡೀ ದಿನ ಹಾದಿ ನೋಡಿದೆ. ಆ ಮ್ಯಾಲ ಇಬ್ಬರು ಗಿರಾಕಿ ಬಂದು ಕೇಳಿದ್ರು, ಕೊಡಲಿಲ್ಲ. ಬಂಡೆಪ್ಪ ಹ್ಯಾಂಗ ಅದಾರ?"

"ನಿನ್ನೆ ತೀರ್ಕೊಂಡರು ರೀ."

"ಯಾ ಅಲ್ಲಾ. ಏನಾಗಿತ್ತು?"

"ಲೈನ್ ಲೀಕ್ ಇತ್ತು. ಹೆಬ್ಬಟ್ಟಿನಿಂದ ಹಿಡದು ನೋಡ್ಯಾರ."

ಗೌಸ್ ಭಾಯಿಗೆ ಮುಂದಿನದನ್ನು ಹೇಳಬೇಕಾಗಲಿಲ್ಲ, ಹಾಗೆ ಹೋದ ಎಷ್ಟು ಬೆರಳುಗಳನ್ನು ಅವನು ಕಂಡಿದ್ದನೋ. ಕೈಯಲ್ಲಿದ್ದ ಹೊಸ ಪೈಪನ್ನೊಮ್ಮೆ, ವೀರಭದ್ರನ ಮುಖವನ್ನೊಮ್ಮೆ ನೋಡಿದ.

"ಇದು ಇಲ್ಲೇ ಇತ್ತಲ್ಲಪಾ," ಎಂದ. ಬೈದಿದ್ದರೆ ವೀರಭದ್ರ ತಡೆದುಕೊಳ್ಳುತ್ತಿದ್ದ.

ಊರ ಹೊರಗೆ ಬಂದು ಗಾಡಿ ನಿಲ್ಲಿಸಿ ಚೀಟಿಯನ್ನು ತಂತಿ ಸಮೇತ ಬಿಡಿಸಿದ. ತೆಲುಗಿನಲ್ಲಿ ಬರೆದಿತ್ತು: ಬಂಡೆಪ್ಪ, ಜಹೀರಾಬಾದ್, ನಾಲ್ಕನೇ ಲೈನು, ತಮ್ಮ ಬಂದು ಒಯ್ಯುತ್ತಾನೆ. ಕೆಳಗೆ ಒಯ್ಯುವ ತಾರೀಖು, ಪೇರಲಹಣ್ಣಿನ ದಿನದ್ದು. ಗಟಾರಕ್ಕೆ ಎಸೆಯಲು ಕೈಯೆತ್ತಿದ. ಅಣ್ಣನ ಹೆಸರು, ಹೆಣ ಇನ್ನೂ ಮನೆಯಲ್ಲಿ ಕೂತಿದೆ. ಎಸೆಯಲಾಗದೆ ಅಂಗಿಯ ಜೇಬಿಗೆ ಹಾಕಿಕೊಂಡ. ಕೊಹೀರ್ ದಾಟುವಾಗ ತೋಟದ ಕಡೆ ನೋಡದಂತೆ ಕುತ್ತಿಗೆ ಬಿಗಿಹಿಡಿದಿದ್ದ.

*

ಬೆಸುಗೆ ಒಂದು ವಾರವಲ್ಲ, ಹತ್ತು ದಿನ ತಡೆದಿತ್ತು. ಹನ್ನೊಂದನೆಯ ದಿನ ಎಂಜಿನ್ನು ಮುಗ್ಗರಿಸತೊಡಗಿತು. ಬಂಡೆಪ್ಪ ಅದನ್ನು ಓಡುತ್ತಿರುವಂತೆಯೇ ಬಿಟ್ಟು, ಎಲ್ಲಿ ಸೋರುತ್ತಿದೆ ಎಂದು ಬಲಗೈ ಹೆಬ್ಬೆರಳನ್ನು ಲೈನಿನ ಮೇಲೆ ಎಳೆದ. ಇಪ್ಪತ್ತಾರು ವರ್ಷದಿಂದ ಹಾಗೆಯೇ ನೋಡಿದವನು. ಚುರ್ ಎಂದಿತು. ನೋಡಿದರೆ ಸಾಸಿವೆ ಕಾಳಿನಷ್ಟು ರಕ್ತ.

ಶಕುಂತಲಾಬಾಯಿ ಅರಿಶಿನ ಕಟ್ಟಿದಳು. "ಮುಳ್ಳು ಚುಚ್ಚಿದ್ದಕ್ಕ ದವಾಖಾನಿ ಯಾಕ," ಎಂದ ಬಂಡೆಪ್ಪ. ಮೂರನೆಯ ದಿನ ಬೆರಳು ಕಪ್ಪಾಯಿತು. ಪಂಪಿನ ಒತ್ತಡಕ್ಕೆ ಸೂಜಿ ಹಾಕಿದ ಹಾಗೆ ಡೀಸೆಲ್ ಒಳಗೆ ಹೋಗಿದೆ, ಅದೇ ದಿನ ಕೊಯ್ದು ತೊಳೆಯಬೇಕಿತ್ತು ಎಂದರು ಪಟ್ಟಣದ ಡಾಕ್ಟರು. ಮೊದಲು ಬೆರಳು ತೆಗೆದರು, ಆಮೇಲೆ ಅಂಗೈ, ಆಮೇಲೆ ಮೊಣಕೈವರೆಗೆ. ನಂಜು ಅವರಿಗಿಂತ ಮುಂದೆ ಮುಂದೆ ಹೋಗುತ್ತಿತ್ತು.

ಮಂಚದ ಪಕ್ಕ ನಿಂತು ಅತ್ತವನು ವೀರಭದ್ರ. ಬಾಯಿ ತೆರೆದಿದ್ದ, ಹೇಳಿಯೇ ಬಿಡುತ್ತಿದ್ದ. ಅಷ್ಟರಲ್ಲಿ ಅಣ್ಣನೇ ಅವನನ್ನು ಸಮಾಧಾನ ಮಾಡಿದ.

"ಯಾಕ ಅಳ್ತಿ ತಮ್ಮಾ. ನೀ ಏನ್ ಮಾಡಾಕ ಆಗ್ತದ? ಸಿಕ್ಕಿದ್ರ ತರ್ತಿದ್ದಿ."

*

ಪೋಚಪ್ಪ ಹೇಳಿದ ಹಾಗೆ ಹದಿನೈದು ನಿಮಿಷವೇ ಹಿಡಿಯಿತು. ಲಾರಿ ಒಂದೇ ಸಲಕ್ಕೆ ಎದ್ದಿತು. ಹಿಂದೆ ಹುಲ್ಲು ಹಾಸಿ, ಕುರ್ಚಿಯಲ್ಲಿ ಬಂಡೆಪ್ಪನನ್ನು ಕೂರಿಸಿ, ಮಹಾನಂದಾ, ಅಯ್ಯನವರು, ಭಜನೆಯವರು ಹತ್ತಿಕೊಂಡರು. ಲಾರಿ ನಡೆಸಲು ಕಲಿತಿದ್ದವನು ತಮ್ಮನೊಬ್ಬನೇ, ಕಲಿಸಿದವನು ಹಿಂದೆ ಕೂತಿದ್ದ.

ಶಕುಂತಲಾಬಾಯಿ ಮುಂದೆ ಹತ್ತಿದಳು. "ನಾ ಈ ಗಾಡಿನ್ಯಾಗ ಯಾವಾಗ್ಲೂ ಮುಂದೇ ಕೂತೀನಿ," ಎಂದಳು. ಹಳೆಯ ಲೈನು ಅವಳ ಮಡಿಲಲ್ಲಿತ್ತು. ನಾರಾಯಣಖೇಡದವರೆಗೆ ಅವಳು ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದಳು.

"ಆರೂ ಸರಿ ಬಡೀಲಿಕತ್ತಾವ," ಎಂದಳು ಕೊನೆಗೆ. "ಎಲ್ಲಿ ಸಿಕ್ತು?"

ಈಗ ಹೇಳಬೇಕು. ವೀರಭದ್ರನ ನಾಲಗೆ ತುದಿಗೆ ಬಂತು. "ಹೊಸಾ ಅಂಗಡಿ ವೈನಿ. ಮೊನ್ನೆ ಮೊನ್ನೆ ತೆರದಾರ," ಎಂದಿತು ಆ ನಾಲಗೆ.

"ಒಂದ್ ತಿಂಗಳ ಮೊದಲ ತೆರದಿದ್ರ..." ಎಂದು ಅವಳು ಮಾತು ಅಲ್ಲಿಗೇ ಬಿಟ್ಟು ಅವನ ತೋಳು ಮುಟ್ಟಿದಳು. "ಪಾಪ, ನೀ ಭೀ ಎಷ್ಟು ತಿರುಗಿದಿ."

ಮನೂರಿನ ಆಚೆ, ಅಣ್ಣತಮ್ಮಂದಿರು ಹುಟ್ಟಿದ ಊರಿನಲ್ಲಿ, ಅವರ ಹೊಲ. ಜೋಳ ಎದೆಯೆತ್ತರಕ್ಕೆ ನಿಂತಿತ್ತು, ತಾಯಿಯ ಗೋರಿಯ ಪಕ್ಕ ಕುಣಿ ತೋಡಿತ್ತು. ಅಣ್ಣನನ್ನು ಒಳಗೆ ಕೂರಿಸಲು ತಮ್ಮ ಇಳಿಯಬೇಕು. ವೀರಭದ್ರ ಅವಸರದಲ್ಲಿ ಅಂಗಿ ಬಿಚ್ಚಿ, ಪಕ್ಕದಲ್ಲಿದ್ದವರ ಕೈಗೆ ಕೊಟ್ಟು ಕುಣಿಗೆ ಇಳಿದ. ಪಕ್ಕದಲ್ಲಿದ್ದವಳು ಶಕುಂತಲಾಬಾಯಿ.

ಎಡಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬುವಾಗ ಅವನು ಒಮ್ಮೆ ಮೇಲೆ ನೋಡಿದ. ಜೇಬಿನಿಂದ ಹೊರಗಿಣುಕಿದ್ದ ತಂತಿ ಅವಳ ಬಳೆಗೆ ಸಿಕ್ಕಿಕೊಂಡಿತ್ತು. ತೆಲುಗು ಶಾಲೆಯಲ್ಲಿ ಐದನೇ ಇಯತ್ತೆಯವರೆಗೆ ಓದಿದ ಹೆಂಗಸು, ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದಳು. ತಾರೀಖಿನ ಮೇಲೆ ಬೆರಳು ನಿಂತಿತು. ತುಟಿ ಅಲುಗುತ್ತಿತ್ತು, ದಿನ ಹಿಂದಕ್ಕೆ ಎಣಿಸುತ್ತಿದ್ದಳು.

ಚೀಟಿಯನ್ನು ತಂತಿ ಸಮೇತ ಸೆರಗಿನಲ್ಲಿ ಗಂಟು ಹಾಕಿದಳು. ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿದಳು.

ಬಾವಿಯಲ್ಲಿ ಮಿಂದು ವೀರಭದ್ರ ಲಾರಿಯ ಹತ್ತಿರ ಬಂದಾಗ ಹೊತ್ತು ಮುಳುಗುತ್ತಿತ್ತು. ಅಂಗಿ ಕನ್ನಡಿಗೆ ನೇತುಬಿದ್ದಿತ್ತು. ಶಕುಂತಲಾಬಾಯಿ ಹಿಂದೆ, ಕುರ್ಚಿ ಇದ್ದ ಜಾಗದಲ್ಲಿ ಹುಲ್ಲಿನ ಮೇಲೆ ಕೂತಿದ್ದಳು.

"ಅವ್ವಾ, ಥಂಡಿ ಅದ, ಮುಂದ ಕೂಡು," ಎಂದಳು ಮಹಾನಂದಾ.

"ಇಲ್ಲೇ ಕೂಡ್ತೀನಿ."

"ವೈನಿ," ಎಂದ ವೀರಭದ್ರ. ಅವಳು ಜೋಳದ ಹೊಲದ ಕಡೆ ಮುಖ ಮಾಡಿಕೊಂಡಳು.

ಅವನು ಹತ್ತಿ ಚಾವಿ ತಿರುಗಿಸಿದ. ಆರೂ ಸಿಲಿಂಡರು ಒಂದೇ ಸಮ ಬಡಿದವು. ಪಕ್ಕದ ಸೀಟಿನ ಮೇಲೆ ಹಳೆಯ ಲೈನು ಮಲಗಿತ್ತು. ಹಿತ್ತಾಳೆಯ ಬೆಸುಗೆಯ ಪಕ್ಕದಲ್ಲೇ ಅವಳು ಆ ಚೀಟಿಯನ್ನು ತಂತಿಯಿಂದ ಮೂರು ಸುತ್ತು ಬಿಗಿದು ಕಟ್ಟಿದ್ದಳು. ಗಾಡಿ ಅಲುಗಿದಾಗಲೆಲ್ಲ ಅದು ಅವನ ಕಡೆ ತಿರುಗುತ್ತಿತ್ತು.