ಕೌದಿ ಹೊಟ್ಟ್ಯಾನ ರೊಟ್ಟಿ

ಇದು ಖರೇನಽ ಆದದ್ದು. ಸುಳ್ಳಾಗಿದ್ರ ಈಗ ಕೈಯಾಗ ಹಿಡದೇನಲ್ಲಾ, ಇದಽ ಸೂಜಿ ನನ್ನ ನಾಲಗಿಗಿ ನೆಟ್ಟು ಆಚಿ ಕಡೆ ಬರಲಿ. ನೇಸರಗ್ಯಾಗ ಯಾರನ್ನ ಕೇಳಿದ್ರೂ 'ಶಟ್ಟೆವ್ವ ಬಾಯಿ ತಗದ್ರ ಬರೇ ಬಂಡಲ್' ಅಂತಾರ. ಅನ್ನಲಿ. ನಾ ಹೊಲದ ಕೌದಿ ಹೊತಗೊಂಡು ಮಲಗಿದ ಹುಂಜ ಮೂರು ದಿನ ಏಳಲಿಲ್ಲ, ಊರಾಗ ಮೂರು ದಿನ ಬೆಳಕಽ ಹರಿಲಿಲ್ಲ ಅಂತ ನಾನಽ ಹೇಳೇನಿ. ಅದು ಸುಳ್ಳು. ಹರಿಲಾರದ್ದು ಒಂದಽ ದಿನ. ಇದು ಮಾತ್ರ ಪೂರಾ ಖರೆ. ಕುಂದರ್ರಿ. ಅಲ್ಲಿ ಬ್ಯಾಡ, ಸೂಜಿ ಬಿದ್ದಾವ.

"ಏ ಮುದುಕಿ, ಗೇಟ್ ಮುಟ್ಟಬ್ಯಾಡ. ದೂರ ನಿಂತು ಮಾತಾಡು."

ಹಿಂಗಂದಂವ ಕಿತ್ತೂರಾಗ ಹೈವೇ ಬಾಜೂಕಿನ ಗೋದಾಮಿನ ಮ್ಯಾನೇಜರ, ನಿಂಗರಾಜ ಅಂತ. ಒಂದು ಬಡಿಗಿ ತುದಿಗಿ ನನ್ನ ಕೌದಿ ಸಿಗಿಸಿ, ಸತ್ತ ಹಾವು ಹಿಡದಂಗ ಹಿಡಕೊಂಡು ನಿಂತಿದ್ದ. "ನಿನ್ನ ಹೊಲಸು ಕೌದ್ಯಾಗ ಹಳಸಿದ ರೊಟ್ಟಿ ಸಿಕ್ಕೈತಿ. ತೊಳದ ಫೀ, ತಿರಗಿ ತಂದ ಫೀ, ಇಟಗೊಂಡ ಫೀ, ಎಲ್ಲಾ ಕಟ್ಟು. ಆಮ್ಯಾಲ ಕೌದಿ."

ನಾ ಅಲ್ಲಿ ಹೆಂಗ ಹೋಗಿ ನಿಂತ್ನಿ ಅನ್ನೂದನ್ನ ಹೇಳತೇನಿ, ತಡೀರಿ.

ಭಾಗ್ಯಾ ನನ್ನ ಮಗಳು. ಕಬ್ಬು ಕಡ್ಯಾಕ ಗ್ಯಾಂಗಿನ ಜೋಡಿ ರಾಮದುರ್ಗದ ಕಡೆ ಹೋಗಿದ್ಲು. ಕಬ್ಬು ತುಂಬಿದ ಟ್ರೇಲರ್ ಪಲ್ಟಿ ಹೊಡೀತು. ಅಕಿ ಅದರ ಮ್ಯಾಲ ಕುಂತಿದ್ಲು. ಅಕಿ ಒಂದು ಗಾಡ್ಯಾಗ ಬಂದ್ಲು, ಅಕಿ ಬುತ್ತಿ ಗಂಟು ಇನ್ನೊಂದು ಗಾಡ್ಯಾಗ ಬಂತು. ಗಂಟು ಬಿಚ್ಚಿದ್ರ ರೊಟ್ಟಿ ಹಂಗಽ ಇದ್ವು. ಮುಂಜಾನಿ ಗುಡಸಲದಾಗ ಅಕಿನಽ ಬಡದದ್ದು. ಬೆರಳಿನ ಗುರುತು ಸೈತ ಮೂಡಿತ್ತು. ನಾ ಅವತ್ತ ಅತ್ನೋ ಇಲ್ಲೋ ಗೊತ್ತಿಲ್ಲ. ಆದ್ರ ಆ ವರ್ಷ ಮಳಿ ಇಲ್ಲದ ನಮ್ಮೂರ ಕೆರಿ ತುಂಬಿತ್ತು, ಯಾರನ್ನರ ಕೇಳ್ರಿ.

ಅಕಿ ಸೀರಿ ಎಲ್ಲಾ ಹರದು ಒಂದು ಕೌದಿ ಹೊಲದ್ನಿ. ನಮ್ಮ ಮನ್ಯಾಗ ಕೌದಿ ಮುಗಸೂ ಮುಂದ ನಟ್ಟ ನಡುವ ಒಂದು ತುಣುಕು ರೊಟ್ಟಿ ಇಟ್ಟು ಹೊಲೀತೇವಿ. ಕೌದಿ ಹೊಟ್ಟಿ ತುಂಬಸೂದು ಅಂತೇವಿ ಅದಕ್ಕ. ಹಸದ ಕೌದಿ ಹೊತಗೊಂಡವರಿಗಿ ನಿದ್ದಿ ಹತ್ತಂಗಿಲ್ಲ. ಈ ಕೌದ್ಯಾಗ ಭಾಗ್ಯಾ ಬಡದ ರೊಟ್ಟಿ ಇಟ್ನಿ. ಇನ್ನೊಂದು ಮಾತು, ನಮ್ಮವ್ವ ಕಲಸಿದ ಹೊಲಿಗ್ಯಾಗ ಗಂಟು ಹಾಕಂಗಿಲ್ಲ. ಗಂಟು ಮಲಗಿದವರ ಮೈಗಿ ಚುಚ್ಚತೈತಿ. ದಾರ ತೀರಿದ್ರ ಇನ್ನೊಂದು ದಾರ ಕೂಡಿಸಿ ಹುರಿ ಮಾಡತೇವಿ. ದಂಡಿಯಿಂದ ಹಿಡದು ಹೊಟ್ಟಿತನ ಒಂದಽ ದಾರ. ಇದನ್ನ ನೆನಪಿಟಗೋರ್ರಿ, ಮುಂದ ಬೇಕಾಗತೈತಿ.

ಬೈಲಹೊಂಗಲದಾಗ ಮಧು ಅಂತ ಒಬ್ಬಂವ ಆನ್‌ಲೈನ್ ಅಂಗಡಿ ಇಟ್ಟಾನ. ನಮ್ಮ ಕೇರಿಗಿ ಬಂದು ಕೌದಿ ಫೋಟೋ ತಗದು ಮೊಬೈಲದಾಗ ಯಾವುದೋ ಕಂಪನಿ ಲಿಲಾವಕ್ಕ ಹಚ್ಚತಿದ್ದ. ದನದ ಪ್ಯಾಟ್ಯಾಗ ಸವಾಲ ಕೂಗತಾರಲ್ಲಾ, ಹಂಗಽ. ಆದ್ರ ಇಲ್ಲಿ ಕೂಗಂಗಿಲ್ಲ, ಒತ್ತತಾರ. ನನ್ನ ಹೆಬ್ಬಟ್ಟು ಒತ್ತಿಸಿಗೊಂಡು ನನ್ನ ಹೆಸರಿಲೆ ಖಾತೆ ತಗದ. ಮಾರಾಕಂತ ಬ್ಯಾರೆ ಮೂರು ಕೌದಿ ಕೊಟ್ನಿ. ಭಾಗ್ಯಾನ ಕೌದಿ ಹಗ್ಗದ ಮ್ಯಾಲ ಬಿಸಲಿಗಿ ಇತ್ತು.

"ಅದು ಬ್ಯಾಡಪಾ, ಅದು ನಂದು," ಅಂದ್ನಿ.

"ಬರೇ ಒಂದು ಫೋಟೋ ತಗೀತೇನಿ ಬೇ," ಅಂದ.

ವಾರ ಆಗಿತ್ತೋ ಇಲ್ಲೋ, ಹಲ್ಲು ಕಿಸಗೊಂಡು ಬಂದ. "ಶಟ್ಟೆವ್ವಾ, ನಿನ್ನ ನಸೀಬ ತೆರೀತು ನೋಡು. ಹಗ್ಗದ ಮ್ಯಾಲಿನ ಕೌದಿಗಿ ಎಲ್ಲಾಕ್ಕಿಂತ ಹೆಚ್ಚು ಬಂದೈತಿ. ಕೊಡು, ಕಳಸಬೇಕು."

"ಅದನ್ನ ಮಾರಂಗಿಲ್ಲ ಅಂದಿದ್ನಲ್ಲೋ."

"ಲಿಲಾವ ಮುಗದೈತಿ. ಈಗ ಒಲ್ಲೆ ಅಂದ್ರ ಒಲ್ಲೆ ಅನ್ನೂ ಫೀ ಬೀಳತೈತಿ. ಮೂರು ಕೌದಿ ರೊಕ್ಕ ಅದಕ್ಕಽ ಸಾಲಂಗಿಲ್ಲ."

"ಒಲ್ಲೆ ಅನ್ನಾಕೂ ರೊಕ್ಕ ಕೊಡಬೇಕೇನೋ?"

"ಕಂಪನಿ ರೂಲ್."

"ನಿನ್ನ ಕಂಪನ್ಯಾವ್ರ ಅವ್ವನ ಸೀರಿ ಲಿಲಾವಕ್ಕ ಹಚ್ಚಿ, ಆಮ್ಯಾಲ ಒಲ್ಲೆ ಅಂದ್ರ ಎಷ್ಟು ಫೀ ಅಂತ ಕೇಳಿಕೊಂಡು ಬಾರೋ ಭಾಡ್ಯಾ."

ಕೇಳಾಕ ಹೋಗಲಿಲ್ಲ. ಕೌದಿ ಸುತ್ತಿ ಗಾಡಿಗಿ ಕಟಗೊಂಡು ಕಿಕ್ ಹೊಡದ. ನಾ ಹಿಂದ ಓಡಿದ್ನಿ. ಎಷ್ಟು ಜೋರ ಓಡಿದ್ನಿ ಅಂದ್ರ ಅವನ ಗಾಡಿ ದಾಟಿ ಮುಂದ ಹೋಗಿಬಿಟ್ನಿ. ಅದಕ್ಕಽ ಅಂವ ನನಗ ಸಿಗಲಿಲ್ಲ.

ಕೌದಿ ಯಾವುದೋ ಶಹರಕ್ಕ ಹೋತು. ಕೊಂಡವರು ಕೈಯಾಡಿಸಿ ನೋಡ್ಯಾರ, ನಡುವ ಏನೋ ಗಟ್ಟಿ ಹತ್ತೈತಿ. ಬ್ಲೇಡ್ ಹಚ್ಚಿ ಹೊಟ್ಟಿ ಕೊಯ್ದಾರ. ರೊಟ್ಟಿ. ಅದಕ್ಕ ಇರಿವಿ. ಥೂ ಅಂತ ತಿರಗಿ ಕಳಸ್ಯಾರ. ಮಧು ಬಂದು ಹೇಳಿದ, "ವ್ಯಾಪಾರ ಮುರೀತು. ಕೌದಿ ಕಿತ್ತೂರಾಗ ಕಂಪನಿ ಗೋದಾಮಿನಾಗ ಬಿದ್ದೈತಿ. ಫೀ ಮಾತ್ರ ನಿನ್ನ ಹೆಸರಿಲೆ ನಿಂತಾವು. ಮೂರು ಕೌದಿ ರೊಕ್ಕ ಅದರಾಗ ವಜಾ ಆತು, ಮ್ಯಾಲ ನೀನಽ ಕೊಡಬೇಕು. ತಕರಾರು ಇದ್ರ ಈ ನಂಬರಕ್ಕ ಮಾಡು. ನನ್ನ ಕೇಳಬ್ಯಾಡ."

ನಮ್ಮ ಓಣಿ ಹಿಂದ ಹಸನಸಾಬ ಅದಾನ, ಮೂರು ಗಾಲಿ ಟಂಟಂ ಹೊಡೀತಾನ. ಅವನ ಫೋನಿಲೆ ಹಚ್ಚಿಸಿದ್ನಿ. ಒಬ್ಬಾಕಿ ಮಾತಾಡಿದ್ಲು, ಬೆಲ್ಲದಂಥಾ ದನಿ.

"ನಿಮ್ಮ ಕರೆ ನಮಗೆ ಅಮೂಲ್ಯವಾದುದು."

"ನನ್ನ ಗಂಡ ಸೈತ ಹಂಗ ಅಂದಿಲ್ಲ ಯವ್ವಾ," ಅಂದ್ನಿ. "ಚಂದ ಇರು. ನನ್ನ ಮಗಳ ಕೌದಿ…"

"ದಯವಿಟ್ಟು ನಿಮ್ಮ ದೂರಿನ ವಿಷಯವನ್ನು ಒಂದೇ ಪದದಲ್ಲಿ ಹೇಳಿ."

ಒಂದಽ ಶಬ್ದದಾಗ ಹೇಳು ಅಂದ್ರ ನನ್ನಂಥಾಕಿ ಏನ ಹೇಳಬೇಕ್ರಿ? ಹಸನಸಾಬನ ಮಾರಿ ನೋಡಿದ್ನಿ.

"ರೊಟ್ಟಿ," ಅಂದ್ನಿ.

"ಕ್ಷಮಿಸಿ, ಅರ್ಥವಾಗಲಿಲ್ಲ."

"ರೊಟ್ಟಿ ಬೇ, ರೊಟ್ಟಿ. ನೀ ಏನ ತಿಂತಿ?"

"ಕ್ಷಮಿಸಿ, ಅರ್ಥವಾಗಲಿಲ್ಲ."

"ಅಕ್ಕಾ, ಅದು ಮಷೀನು," ಅಂದ ಹಸನಸಾಬ. "ಅದಕ್ಕ ಹೊಟ್ಟಿ ಇಲ್ಲ."

"ಹಂಗಾದ್ರ ಕಿತ್ತೂರಿಗಿ ನಡಿ. ಅಲ್ಲಿ ಹೊಟ್ಟಿ ಇದ್ದಾವ್ರು ಯಾರರ ಇರತಾರ."

"ಬಾಡಿಗಿ ಕೊಡತಿಯೋ, ಕತಿ ಹೇಳತಿಯೋ?"

"ಕತಿ ಹೇಳತೇನಿ."

"ಬಾಡಿಗಿನಽ ಕೊಡು ಯವ್ವಾ, ಕಿತ್ತೂರು ಭಾಳ ದೂರ ಐತಿ," ಅಂದ. ಅಂದಾಂವ ಬಾಡಿಗಿ ತಗೊಳ್ಳಲಿಲ್ಲ, ಅದು ಬ್ಯಾರೆ ಮಾತು.

ಹಂಗ ಹೋಗಿ ಆ ಗೇಟಿನ ಮುಂದ ನಿಂತದ್ದು. ಬಡಿಗಿ ತುದ್ಯಾಗ ಕೌದಿ ಜೋತಿತ್ತು. ಹೊಟ್ಟಿ ಬಾಯಿ ತಗದಿತ್ತು.

"ರೊಟ್ಟಿ ಎಲ್ಲಿ ಸಾಹೇಬ?"

"ಯಾವ ರೊಟ್ಟಿ?"

"ಇದರಾಗ ಇದ್ದದ್ದು."

"ತಿಪ್ಪ್ಯಾಗ ಒಗದ್ವಿ. ನಾಯಿ ಬಂದು ಮೂಸಿ ನೋಡಿ ಹಂಗಽ ಹ್ವಾತು." ಒಳಗಿನವರು ನಕ್ರು. "ನಿಮ್ಮ ಕೇರಿ ರೊಟ್ಟಿ ಅಂತ ಅದಕ್ಕೂ ಗೊತ್ತಾತು ಕಾಣತೈತಿ."

ನಾನೂ ನಕ್ಕಬಿಟ್ನಿ ನೋಡ್ರಿ. ನನಗ ಹಂಗಽ ಆಗತೈತಿ, ಬಾಯಿ ತಂತಾನಽ ನಗತೈತಿ. "ಆತು ಸಾಹೇಬ, ಫೀ ಕೊಡತೇನಿ. ನೀ ನನ್ನ ರೊಟ್ಟಿ ಕೊಡು. ಅದಽ ಬೇಕು, ಬ್ಯಾರೆ ನಡ್ಯಂಗಿಲ್ಲ. ಅದನ್ನ ಬಡದಾಕಿ ಮಣ್ಣಾಗ್ಯಾಳ. ಅದಕ್ಕ ಎಷ್ಟು ಫೀ ಅಂತ ನಿನ್ನ ಮಷೀನಿಗಿ ಕೇಳು."

ಅವನ ನಗಿ ನಿಂತಿತು. "ನಾಟಕ ಮಾಡಬ್ಯಾಡ ಮುದಿ ರಂಡಿ. ಫೀ ದಿನಾ ಬೆಳೀತೈತಿ."

"ಇಷ್ಟೆಲ್ಲಾ ಫೀ ಅಂತ ಮೊದಲಽ ಹೇಳಬೇಕಿತ್ತು."

"ಹೆಬ್ಬಟ್ಟು ಒತ್ತೂ ಮುಂದ ಕೇಳಬೇಕಿತ್ತು. ಕಂಪ್ಯೂಟರದಾಗ 'ಒಂದು ಕೌದಿ' ಅಂತ ಐತಿ. ಕೌದಿ ಇರೂತನ ಫೀ ಇರತೈತಿ."

"ಕೌದಿ ಇರೂತನ?"

"ಹೂಂ."

ಅಂವ ಕೌದಿ ಗೇಟ್ ಬಾಜೂಕಿನ ಕಿಡಕಿ ಹಿಂದ ಒಗದು ಒಳಗ ಹೋದ. ಕಿಡಕಿ ಜಾಲರ್ಯಾಗಿಂದ ಏನೋ ಬೆಳ್ಳಗ ಜೋತಿತ್ತು. ಕೊಯ್ದ ಹೊಟ್ಟ್ಯಾನ ದಾರದ ತುದಿ. ನಾ ಮುಟ್ಟಿದ್ನಿ. ಮುಟ್ಟಿದ್ರ ಬಂತು. ಗಂಟು ಇರಲಿಲ್ಲಲ್ಲಾ.

ಮುಷ್ಟಿಗಿ ಸುತಗೊಂಡು ಟಂಟಂ ಹತ್ತಿದ್ನಿ. "ಹೊಡಿ ಹಸನಸಾಬ," ಅಂದ್ನಿ. ನಾ ಸುತ್ತೂದು, ಅದು ಬರೂದು. ಬೈಲಹೊಂಗಲದಾಗ ಹೆಣಮಕ್ಕಳು ಅದರ ಮ್ಯಾಲ ಅರಬಿ ಒಣ ಹಾಕಿದ್ರು. ಒಂದು ಬಸ್ಸಿನ ಕಂಡಕ್ಟರ ಇಳದು ಬಂದು ದಾರಕ್ಕೂ ಟಿಕೀಟ ಹರೀಬೇಕು ಅಂದ. ಗುಬ್ಬಿ ಸಾಲ ಹಿಡದು ಕುಂತಿದ್ವು. ನೇಸರಗಿ ಬಂತು, ನನ್ನ ಮನಿ ಹೊಚ್ಚಲಾ ಬಂತು. ಹೊಚ್ಚಲಾ ದಾಟೂದು, ದಾರ ಸಡಲಾಗೂದು. ಅಲ್ಲಿ ಕಿತ್ತೂರಾಗ ಕೌದಿ ಬಿಚ್ಚಿ ಬರೇ ಚಿಂದಿ ಆಗಿ ಬಿದ್ದಿತ್ತು.

ಮಧು ಬಂದಿದ್ದ. "ಕೌದಿ ಏನ ಮಾಡಿದಿ? ಫೀ ಯಾರು ಕಟ್ಟತಾರ?"

"ಎಲ್ಲೈತೋ ಕೌದಿ? ತೋರಸು. ಕೌದಿ ಇರೂತನ ಫೀ ಅಂತ ನಿಮ್ಮ ಸಾಹೇಬನಽ ಅಂದಾನ."

ಅದಕ್ಕ ಅವನ ಹಂತ್ಯಾಕ ರೂಲ್ ಇರಲಿಲ್ಲ. ಹೋದ. ನಾ ಗೆದ್ನಿ. ಅಕಿ ಸೀರಿ ಮಾತ್ರ ಅಲ್ಲೇ ಉಳದ್ವು. ಗೋದಾಮಿನವ್ರು ಆ ಚಿಂದೀಲೆ ಗಾಡಿ ಒರಸತಾರಂತ.

ಹಸನಸಾಬನ್ನ ಕೇಳಿದ್ರ ಬ್ಯಾರೆನಽ ಹೇಳತಾನ. "ದಾರ ಗೀರ ಏನೂ ಕಾಣಲಿಲ್ಲ. ಕಿತ್ತೂರಿಂದ ಇಲ್ಲಿತನ ಅಕ್ಕ ಮುಷ್ಟಿ ಕಟಗೊಂಡು ಸುಮ್ಮನ ಕುಂತಿದ್ಲು. ಅಕಿ ಸುಮ್ಮನ ಕುಂತದ್ದು ನಾ ನೋಡಿದ್ದು ಅದೊಂದಽ ಸಲ," ಅಂತಾನ. ಅವನ ಮಾತು ನಂಬಬ್ಯಾಡ್ರಿ. ಅಂವ ಮುಂದ ನೋಡಿ ಗಾಡಿ ಹೊಡಿಯಾಂವ, ಹಿಂದಿಂದು ಅವಗೇನ ಗೊತ್ತು?

ಇದಽ ನೋಡ್ರಿ ಆ ದಾರದ ಉಂಡಿ. ಮೂಸಬ್ಯಾಡ್ರಿ. ಅಕಿ ವಾಸನಿ ಐತಿ, ಖರ್ಚಾಗತೈತಿ.

ಈಗ ದಾರ ಐತಿ, ಅರಬಿ ಇಲ್ಲ. ನಿಮ್ಮ ಮನ್ಯಾಗೂ ಟ್ರಂಕಿನ ತಳದಾಗ ಒಂದು ಸೀರಿನೋ ಧೋತರಾನೋ ಇರತೈತಿ. ಯಾರೂ ಉಡಂಗಿಲ್ಲ, ಯಾರೂ ಒಗಿಯಂಗಿಲ್ಲ. ಅದನ್ನ ತರ್ರಿ. ಯಾಕ, ಮಾರಿ ಹಂಗ್ಯಾಕ ಮಾಡತೀರಿ? ಕತಿ ಪುಕ್ಕಟ ಅಂತ ನಿಮಗ ಯಾರು ಹೇಳಿದ್ರು? ಮೊದಲಽ ಹೇಳಬೇಕಿತ್ತು ಅಂತೀರೇನು? ನಾನೂ ಅದನ್ನಽ ಅಂದಿದ್ನಿ.

ಏಳ್ರಿ, ಹೊತ್ತು ಮುಣುಗೂದರಾಗ ತರ್ರಿ. ಒಲ್ಲೆ ಅಂದ್ರ, ಒಲ್ಲೆ ಅನ್ನೂ ಫೀ ಬ್ಯಾರೆ ಐತಿ.