ತೊಗಟೆಯ ಪಂಚನಾಮೆ

“ಮರದ ತೊಗಲು ಸುಲದೀಯಲ್ಲಲೇ ಸೂಳೇಮಗನ, ನಿನ್ನ ತೊಗಲು ಸುಲದ್ರ ಹ್ಯಾಂಗಿರತೈತಿ?”

ಅರಣ್ಯ ಇಲಾಖೆಯ ಸುಜಯೀಂದ್ರ ಸಾಹೇಬ ಹೀಗೆ ಬೈಯುವಾಗ ನನ್ನ ಗಂಡ ತಾಯಣ್ಣ ತಡಸಲು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ತೊಡೆಯ ಮೇಲೆ ಹೊಸ ಬಿಲ್ಲು. ಪಕ್ಕದಲ್ಲಿ ನಾರ್ವ ಊರಿನ ಸಾವುಕಾರ ದೇವೇಂದ್ರಪ್ಪ ಎಲೆ ಅಡಿಕೆ ಜಗಿಯುತ್ತ, ತನಗೂ ಇದಕ್ಕೂ ಸಂಬಂಧವೇ ಇಲ್ಲದವನಂತೆ ಆಕಾಶ ನೋಡುತ್ತಿದ್ದ.

ಬಿಲ್ಲು ಮಾಡಲು ಹೇಳಿದವನೇ ಅವನು. ಊರಿಗೆ ಬರುವ ಮಂತ್ರಿ ಅದನ್ನು ಎಳೆದು ಫೋಟೊ ತೆಗೆಸಿಕೊಳ್ಳಬೇಕಂತೆ. ಮರವೂ ಅವನ ಹೊಲದ್ದೇ. ನಾವು ಬೇಡರು ಅಂಗೈ ಅಗಲಕ್ಕಿಂತ ಹೆಚ್ಚು ತೊಗಟೆ ತೆಗೆಯುವುದಿಲ್ಲ. ತೆಗೆದಲ್ಲಿ ಸಗಣಿ ಮೆತ್ತುತ್ತೇವೆ, ಮರ ಬದುಕಲಿ ಅಂತ. ಆ ಸಗಣಿ ನೋಡಿಯೇ ಸಾಹೇಬ ಜೀಪು ನಿಲ್ಲಿಸಿದ್ದು. ಇದೇ ಹೊಲದಲ್ಲಿ ಸಾವುಕಾರ ಹನ್ನೆರಡು ಬೇವಿನ ಮರ ಕಡಿಸಿ ಪ್ಲಾಟು ಹಾಕಿದಾಗ ಇದೇ ಸಾಹೇಬ ಚಹಾ ಕುಡಿದು ಹೋಗಿದ್ದ. ಕಡಿದ ಮರಕ್ಕೆ ಗಾಯ ಇರುವುದಿಲ್ಲವಲ್ಲ!

“ಸಾಹೇಬ್ರ, ಎಳದಾಗ ಬಿಲ್ಲಿನ ಬೆನ್ನು ಸೀಳತೈತ್ರಿ. ಅದಕ್ಕ ತೊಗಟಿ ಹಚ್ಚತೀವ್ರಿ. ಸಾವುಕಾರ್ರ, ನೀವರ ಹೇಳ್ರಿ,” ಎಂದ ನನ್ನ ಗಂಡ.

“ನಾ ಬಿಲ್ಲು ಮಾಡಂದಿದ್ದೆ. ಮರ ಸುಲಿ ಅಂದಿದ್ನೇನಲೇ?” ಎಂದ ದೇವೇಂದ್ರಪ್ಪ.

ಸಾಹೇಬ ಯೋಚಿಸಿ ತೀರ್ಮಾನ ಕೊಟ್ಟ: ತೊಗಟೆ ಮರಕ್ಕೇ ವಾಪಸ್ ಹೋಗಬೇಕು. ನಾನು ನಕ್ಕುಬಿಟ್ಟೆ. ಸಾಹೇಬ ನಗಲಿಲ್ಲ.

ಬಿಸಿನೀರಿನ ಬಟ್ಟೆಯಿಟ್ಟು ನನ್ನ ಗಂಡ ಬಿಲ್ಲಿನ ಬೆನ್ನಿಂದ ತೊಗಟೆ ಬಿಡಿಸಿದ. ನಾನು ಹುಣಸೆಬೀಜದ ಅಂಟು ಕಾಸಿ ತಂದೆ, ತೊಗಟೆಯನ್ನು ಮರಕ್ಕೆ ಹಚ್ಚಿದೆವು. ಕೈ ಬಿಟ್ಟರೆ ತೊಗಟೆ ಕಳಚಿ ಬೀಳುತ್ತಿತ್ತು.

ಸಾಹೇಬ ಪಂಚನಾಮೆ ಬರೆದು ಓದಿದ: “ಗಾಯ ಮಾಯುವವರೆಗೆ ಆರೋಪಿಯು ಕೈ ತೆಗೆಯತಕ್ಕದ್ದಲ್ಲ. ತೆಗೆದಲ್ಲಿ ಜೈಲು.” ಗಂಡ ಎಡಗೈಯಿಂದ ತೊಗಟೆ ಒತ್ತಿ ಹಿಡಿದೇ ಬಲಗೈ ಹೆಬ್ಬೆಟ್ಟು ಒತ್ತಿದ. ಮರಕ್ಕೂ ಬಿಳಿ ಬಣ್ಣದಲ್ಲಿ ಒಂದು ನಂಬರು ಬಿತ್ತು. ಸಾವುಕಾರ ಬೋಳು ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹೊರಟ.

“ತೊಗಟಿ ಇಲ್ರಿ ಅದಕ್ಕ, ಎಳೀಬ್ಯಾಡ್ರಿ!” ನನ್ನ ಗಂಡ ಕೂಗಿದ.

“ನಿನ್ನ ಕೇಳಿ ಎಳೀಬೇಕೇನಲೇ ಬ್ಯಾಡರವನ?”

ನನ್ನ ಗಂಡ ಎರಡು ದಿನ ಮರಕ್ಕೆ ಆತುಕೊಂಡೇ ನಿಂತ. ಸಾವುಕಾರನ ಆಳು ಕಾವಲಿದ್ದ. ನಾನು ರೊಟ್ಟಿ ಮುರಿದು ಬಾಯಿಗಿಡುತ್ತಿದ್ದೆ. ನಾರಾಯಣಪೇಟೆ ಬಸ್ಸಿನ ಜನ ಇದು ಯಾವುದೋ ಹರಕೆ ಅಂದುಕೊಂಡು ಕಿಟಕಿಯಿಂದಲೇ ಕೈ ಮುಗಿದರು. ಒಬ್ಬಳು ಇಳಿದು ಬಂದು ಕಾಯಿ ಒಡೆದಳು. ಆ ಕಾಯಿಯದೇ ಚಟ್ನಿ ಮಾಡಿದೆ.

ಮೂರನೆಯ ದಿನ ಮಧ್ಯಾಹ್ನ ಸಾವುಕಾರನೂ ಸಾಹೇಬನೂ ಒಂದೇ ಜೀಪಿನಲ್ಲಿ ಧಾವಿಸಿ ಬಂದರು. ಸಾವುಕಾರನ ಗಲ್ಲಕ್ಕೆ ಪಟ್ಟಿ. ಕನ್ನಡಿ ಮುಂದೆ ನಿಂತು ಬಿಲ್ಲು ಎಳೆದು ನೋಡಿದ್ದನಂತೆ, ಬೆನ್ನಿನಿಂದ ಸಿಬಿರು ಎದ್ದು ಸಿಡಿದಿತ್ತು.

“ತಾಯಣ್ಣ, ಲಗೂನ ಆ ತೊಗಟಿ ಬಿಚ್ಚಿ ಬಿಲ್ಲಿಗಿ ಹಚ್ಚಿ ಕೊಡಪ. ನಾಕು ಗಂಟಿಗಿ ಮಂತ್ರಿ ಬರ್ತಾರ,” ಎಂದ ಸಾವುಕಾರ.

ಮೊನ್ನೆ ‘ಬ್ಯಾಡರವನ’, ಇವತ್ತು ‘ಅಪ್ಪ’! ನನ್ನ ಗಂಡ ಸೀಳಿದ ಬಿಲ್ಲನ್ನೇ ನೋಡಿದ. ಕಣ್ಣು ತುಂಬಿದವು.

“ಗಾಯ ಮಾಯ್ದಿಲ್ರಿ ಇನ್ನ,” ಎಂದ.

“ನಾನೇ ಹೇಳಾಕತ್ತೀನಲ್ಲಲೇ, ಕೈ ಬಿಡು!” ಸಾಹೇಬ ಕಿರುಚಿದ.

“ಜೈಲಾಗತೈತ್ರಿ. ಹೆಬ್ಬೆಟ್ಟು ಒತ್ತೀನ್ರಿ.”

ಸಾಹೇಬ ಪಂಚನಾಮೆಯನ್ನು ಪರಪರ ಹರಿದು ಎಸೆದ.

“ಹಾಳಿ ಹರದ್ರಿ. ಮರದ ಮ್ಯಾಲ ನಂಬರು ಐತಲ್ರಿ?”

“ಉಸೇನಮ್ಮ, ನೀನರ ಬುದ್ಧಿ ಹೇಳ ನಿನ್ನ ಗಂಡಗ,” ಎಂದು ಸಾವುಕಾರ ನನ್ನ ಕಡೆ ತಿರುಗಿದ. ನಾನು ಗಂಡನ ಬಾಯಿಗೆ ಇನ್ನೊಂದು ತುತ್ತು ರೊಟ್ಟಿ ಇಟ್ಟೆ.

ಸಾಹೇಬ ಜೀಪಿನ ಕೀಲಿ ತೆಗೆದು ನಂಬರು ಕೆರೆಯತೊಡಗಿದ. ಹಳೆಯ ಗಾಯದ ಪಕ್ಕದಲ್ಲೇ ಬಣ್ಣದ ಜೊತೆ ಹಸಿ ತೊಗಟೆಯೂ ಕಿತ್ತು ಬಂತು. ಅಂಗೈ ಅಗಲಕ್ಕಿಂತ ದೊಡ್ಡದು.

ನಾನು ಅವನ ಮಣಿಕಟ್ಟು ಹಿಡಿದೆ. ಆ ಮೆತ್ತನೆಯ ಅಂಗೈಯನ್ನು ತಂದು, ಅವನು ಮಾಡಿದ ಗಾಯದ ಮೇಲೆಯೇ ಇಟ್ಟು, ನನ್ನ ಎರಡೂ ಕೈಯಿಂದ ಒತ್ತಿದೆ.

“ಮಾಯೋ ತನಕ ಕೈ ತಗೀಬಾರದ್ರಿ, ಸಾಹೇಬ್ರ.”

ಅವನು ಬೈದ, ಕೊಸರಾಡಿದ, ಸಾವುಕಾರನನ್ನು ಕೂಗಿದ. ನಾಲ್ಕು ಗಂಟೆಗೆ ರಸ್ತೆಯಲ್ಲಿ ಮಂತ್ರಿಯ ಕಾರಿನ ಸೈರನ್ ಕೇಳಿದಾಗಲೂ ನಾನು ಆ ಕೈ ಬಿಟ್ಟಿರಲಿಲ್ಲ.